ಮುದ್ರೆಯ ಆಯುಷ್ಯ: ಕ್ವಾಂಟಂ ಯುಗ ಮತ್ತು ಕ್ರಿಪ್ಟೋ ನಾಣ್ಯ

ಬಾದಾಮಿಯ ಕೋಟೆಯ ಬಂಡೆಯೊಂದರ ಮೇಲೆ, ಶಕವರ್ಷ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ವಲ್ಲಭೇಶ್ವರನೆಂಬ ಬಿರುದುಳ್ಳ ಚಲುಕ್ಯ ಅರಸನು ವಾತಾಪಿಯ ಗಿರಿಯನ್ನು ದುರ್ಗವನ್ನಾಗಿ ಮಾಡಿದನೆಂದು ಕೆತ್ತಿದೆ; ಈತನೇ ಒಂದನೆಯ ಪುಲಕೇಶಿ. ಅದೇ ಅರಸನ ಹೆಸರನ್ನು ಹೊತ್ತು, ತಾನು ಶಕ 411ರಷ್ಟು ಹಿಂದಿನದೆಂದು ಹೇಳಿಕೊಳ್ಳುವ ಆಲ್ತೆಂ ತಾಮ್ರಪಟವೂ ಒಂದುಂಟು. ಅದು ಕೂಟಶಾಸನವೆಂದು ಶಾಸನತಜ್ಞ ಫ್ಲೀಟ್ ಮಹಾಶಯರು ಬಹು ಹಿಂದೆಯೇ ನಿರ್ಣಯಿಸಿದರು. ಊರವರೆಲ್ಲರ ಕಣ್ಣೆದುರಿಗೆ ನಿಂತ ಬಂಡೆಯ ಬರಹವನ್ನು ಯಾರಿಗೂ ತಿಳಿಯದಂತೆ ತಿದ್ದುವುದು ದುಸ್ಸಾಧ್ಯ. ಮನೆಯ ಪೆಟ್ಟಿಗೆಯಲ್ಲಿ ಉಳಿದು ಬರುವ ತಾಮ್ರದ ಹಲಗೆಗಳಾದರೋ, ತಮ್ಮನ್ನು ಪೋಣಿಸಿದ ಬಳೆಯ ಮೇಲಣ ಮುದ್ರೆಯ ಬಲದಿಂದಲೇ ಪ್ರಮಾಣವೆನಿಸತಕ್ಕವು. ಆ ಮುದ್ರೆಯನ್ನು ಅನುಕರಿಸಬಲ್ಲವನಿಗೆ ಪರರ ಭೂಮಿಯನ್ನು ಅಪಹರಿಸುವ ದಾರಿಯೂ ತೆರೆಯಿತು. ಬರೆದದ್ದು ಅಳಿಯದಿರುವುದು ಒಂದು, ಬರೆಸಿದವನು ಯಾರೆಂಬುದು ನಿಶ್ಚಯವಾಗುವುದು ಮತ್ತೊಂದು. ಕ್ವಾಂಟಂ ಗಣಕದಿಂದ ಕ್ರಿಪ್ಟೋ ನಾಣ್ಯಗಳಿಗೆ ಒದಗಬಹುದಾದ ವಿಪತ್ತು ಯಾವುದೆಂದು ಅರಿಯಬಯಸುವವರು ಈ ಭೇದವನ್ನು ಮೊದಲು ಮನಗಾಣಬೇಕು.

ಅರಸನ ಆಜ್ಞೆಗಿಂತ ತಮ್ಮೊಳಗಿನ ಸಮಯಧರ್ಮವನ್ನೇ ನೆಚ್ಚಿ ದೇಶಾಂತರಗಳಲ್ಲಿ ವ್ಯವಹರಿಸುವುದು ಬಾದಾಮಿಯ ಈ ಸೀಮೆಗೆ ಹೊಸತಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರನ್ನೇ ತಳೆದ ಅಯ್ಯಾವೊಳೆ ಐನೂರ್ವರ ವಣಿಕ್ ಸಂಘವು ರಾಜ್ಯಗಳ ಎಲ್ಲೆಗಳನ್ನು ದಾಟಿ ಹಬ್ಬಿತ್ತು. ಐನೂರ್ವರನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತಿದೆ. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಪ್ರಬಂಧವು, ಅದೇ ರೀತಿಯಲ್ಲಿ ಯಾವ ದೊರೆತನದ ಹಂಗೂ ಇಲ್ಲದೆ, ಯಾವ ಬ್ಯಾಂಕಿನ ಮಧ್ಯಸ್ಥಿಕೆಯೂ ಇಲ್ಲದೆ, ಪರಸ್ಪರ ಪರಿಚಯವಿಲ್ಲದವರು ಕೊಡುಕೊಳ್ಳುವ ಮಾರ್ಗವನ್ನು ಸೂಚಿಸಿತು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಚಲಾವಣೆಗೆ ಬಂದಿತು. ಅದರ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್ ಜಗತ್ತಿನ ಸಾವಿರಾರು ಗಣಕಗಳಲ್ಲಿ ಪ್ರತಿಗೊಂಡಿದ್ದು, ಒಂದೊಂದು ಪುಟವೂ ತನ್ನ ಹಿಂದಿನ ಪುಟದ, ಹ್ಯಾಶ್ ಎಂಬ ಸಂಕ್ಷೇಪಾಂಕವನ್ನು ಒಡಲಲ್ಲಿ ಧರಿಸಿರುತ್ತದೆ. ಒಂದು ಪುಟವನ್ನು ಕೆಡಿಸಿದರೆ ಮುಂದಿನವೆಲ್ಲವೂ ತಾಳೆ ತಪ್ಪುವುವು. ಈ ಸಂಕ್ಷೇಪಾಂಕವನ್ನು ಭೇದಿಸಲು ಕ್ವಾಂಟಂ ಗಣಕಕ್ಕೆ ದೊರೆತಿರುವ ಮುಖ್ಯ ಉಪಾಯವು 1996ರಲ್ಲಿ ಲೋವ್ ಗ್ರೋವರ್ ಕಂಡುಹಿಡಿದ ಕ್ರಮ. ಅದನ್ನು ಬಳಸಿದರೂ 2ರ 256ನೆಯ ಘಾತದಷ್ಟಿದ್ದ ಶ್ರಮವು 128ನೆಯ ಘಾತಕ್ಕೆ ಇಳಿಯುವುದೇ ಹೊರತು ಸಾಧ್ಯದ ಮೇರೆಗೆ ಬಾರದು. ಬಂಡೆಗೆ ಭಯವಿಲ್ಲ.

ಭಯವಿರುವುದು ಮುದ್ರೆಗೆ. ನಾಣ್ಯದ ಒಡೆಯನಿಗೆ ಗುಪ್ತಕೀಲಿಯೆಂಬ ಒಂದು ಮಹಾಸಂಖ್ಯೆಯೇ ಸರ್ವಸ್ವ; ಅವನ ಮುದ್ರೆಯಾದ ಸಹಿ ಹುಟ್ಟುವುದು ಅದರಿಂದಲೇ. ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಯ ಗಣಿತದ ಮೂಲಕ ಗುಪ್ತಕೀಲಿಯಿಂದ, ಸಹಿಯನ್ನು ಪರೀಕ್ಷಿಸುವ ಬಹಿರಂಗಕೀಲಿಯನ್ನು ಪಡೆಯುವುದು ಕ್ಷಣದ ಕೆಲಸ, ಬಹಿರಂಗಕೀಲಿಯಿಂದ ಗುಪ್ತಕೀಲಿಗೆ ಹಿಂದಿರುಗುವುದು ಇಂದಿನ ಗಣಕಗಳಿಗೆ ಯುಗಾಂತರಗಳಲ್ಲಿಯೂ ಆಗದ ಕೆಲಸ. ಈ ಏಕಮುಖತ್ವವನ್ನೇ 1994ರಲ್ಲಿ ಬೆಲ್ ಪ್ರಯೋಗಾಲಯದ ಪೀಟರ್ ಶೋರ್ ಅಲುಗಿಸಿದರು. ಇಂಥ ಲೆಕ್ಕಗಳ ಗರ್ಭದಲ್ಲಿ ಮರಳಿ ಮರಳಿ ಬರುವ ಒಂದು ಆವರ್ತನವಿರುತ್ತದೆ. ಕ್ವಾಂಟಂ ಗಣಕದ ಲೆಕ್ಕದ ಮೂಲಘಟಕಗಳಾದ ಕ್ಯೂಬಿಟ್‌ಗಳು ಅನೇಕ ಸ್ಥಿತಿಗಳಲ್ಲಿ ಏಕಕಾಲಕ್ಕೆ ಇರಬಲ್ಲವಾದ್ದರಿಂದ, ಅಲೆಗಳಂತೆ ತಪ್ಪು ಉತ್ತರಗಳು ಒಂದನ್ನೊಂದು ಅಳಿಸಿಕೊಂಡು, ಆ ಆವರ್ತನವು ಮೇಲೆದ್ದು ಕಾಣುವಂತೆ ಮಾಡಬಹುದೆಂದು ಅವರು ಸಾಧಿಸಿದರು.

ಅದಕ್ಕೆ ತಕ್ಕ ಯಂತ್ರವು ಇನ್ನೂ ಸಿದ್ಧವಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯೂಪಿಎಐ ಸಂಸ್ಥೆ ಪ್ರಕಟಿಸಿದ 'ಇಂಡಸ್' ಗಣಕದಲ್ಲಿರುವುದು 25 ಕ್ಯೂಬಿಟ್‌ಗಳು. ಆದರೆ ಶೋರ್ ಕ್ರಮಕ್ಕೆ ಇದೇ ರೀತಿ ಬಗ್ಗುವ, ಪ್ರಚಲಿತವಾದ ಆರ್‌ಎಸ್‌ಎ ಬೀಗವನ್ನು ಒಡೆಯಲು ಎರಡು ಕೋಟಿ ಕ್ಯೂಬಿಟ್ ಬೇಕೆಂದು 2019ರಲ್ಲಿ ಕಟ್ಟಿದ ಅಂದಾಜು 2025ರಲ್ಲಿ ಹತ್ತು ಲಕ್ಷಕ್ಕಿಂತ ಕೆಳಗಿಳಿದಿದೆ ಎಂಬುದನ್ನು ನೆನೆದರೆ, ಕಾಲಾವಕಾಶ ವಿಪುಲವಾಗಿದೆಯೆಂದು ನಿಶ್ಚಿಂತರಾಗಿರುವುದು ಸಲ್ಲದು.

ಹೊಸ ಮುದ್ರೆಗಳ ಶೋಧ ಆ ಯಂತ್ರದ ಆಗಮನಕ್ಕೆ ಮುನ್ನವೇ ಆರಂಭವಾಯಿತು. 2016ರಲ್ಲಿ ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಜಗತ್ತಿನ ಗಣಿತಜ್ಞರನ್ನು ಆಹ್ವಾನಿಸಿ, ವರ್ಷಗಳ ಪರೀಕ್ಷೆಯ ತರುವಾಯ 2024ರ ಆಗಸ್ಟ್ 13ರಂದು ಮೂರು ಮಾನಕಗಳನ್ನು ಹೊರತಂದಿತು. ಸಹಿಗಾಗಿ ಇರುವ ಎರಡರಲ್ಲಿ ಎಂಎಲ್-ಡಿಎಸ್ಎ ಎಂಬುದು, ನೂರಾರು ಆಯಾಮಗಳ ಅವಕಾಶದಲ್ಲಿ ಹರಡಿದ ಬಿಂದುಜಾಲದೊಳಗೆ ಅತಿ ಸಮೀಪದ ಬಿಂದುವನ್ನು ಹುಡುಕುವಂಥ ಕಷ್ಟವನ್ನು ಆಶ್ರಯಿಸಿದೆ. ಎಸ್ಎಲ್ಎಚ್-ಡಿಎಸ್ಎ ಎಂಬುದು ಪುಟಗಳನ್ನು ಬೆಸೆಯುವಂಥ ಸಂಕ್ಷೇಪಾಂಕಗಳನ್ನೇ ನಂಬಿ ನಿಂತಿದೆ. ಪರೀಕ್ಷೆಯ ಅವಧಿಯಲ್ಲಿ ನಡೆದ ಒಂದು ಘಟನೆ ಮನನೀಯವಾದುದು. ಕ್ವಾಂಟಂ ಗಣಕಕ್ಕೂ ಬಗ್ಗದೆಂದು ನಂಬಿದ್ದ ಸೈಕ್ ಎಂಬ ಕ್ರಮವನ್ನು 2022ರಲ್ಲಿ ಬೆಲ್ಜಿಯಂನ ಇಬ್ಬರು ವಿದ್ವಾಂಸರು ಸಾಮಾನ್ಯ ಗಣಕದ ಒಂದೇ ಸಂಸ್ಕಾರಕದಿಂದ ಸುಮಾರು ಒಂದು ಗಂಟೆಯಲ್ಲಿ ಭೇದಿಸಿದರು. ಬಲ್ಲವರೆಲ್ಲರೂ ಬಹುಕಾಲ ಮುರಿಯಲು ಯತ್ನಿಸಿ ಸೋತ ಮೇಲಲ್ಲದೆ ಗೂಢಲಿಪಿಯ ಯಾವ ವಿಧಾನದ ಮೇಲೂ ಭರವಸೆ ಹುಟ್ಟದು. ಆ ಕಾಲವನ್ನು ಹಣ ಕೊಟ್ಟು ಕೊಳ್ಳಲಾಗದು.

ಇಳಕಲ್ಲಿನ ಸೀರೆಯಂಗಡಿಯಲ್ಲಿ ಫೋನ್ ಹಿಡಿದು ಯುಪಿಐ ಮೂಲಕ ಹಣ ತೆರುವ ಗಿರಾಕಿಗೆ ಇದರ ಚಿಂತೆ ಅಷ್ಟಾಗಿ ತಟ್ಟಲಿಕ್ಕಿಲ್ಲ, ಏಕೆಂದರೆ ಬ್ಯಾಂಕುಗಳು ಒಳಗಿನಿಂದಲೇ ಬೀಗಗಳನ್ನು ಬದಲಾಯಿಸಬಲ್ಲವು. ತಪ್ಪಾದರೆ ದೂರು ಕೊಡಲು ಒಂದು ಬಾಗಿಲೂ ಇದೆ. ಬಾಗಲಕೋಟೆಯ ತರುಣನೊಬ್ಬನು ಸ್ವಂತ ಕೀಲಿಯಲ್ಲಿ ಬಿಟ್‌ಕಾಯಿನ್ ಇರಿಸಿಕೊಂಡಿದ್ದರೆ ಅವನ ಪರವಾಗಿ ಬೀಗ ಬದಲಿಸುವವರು ಯಾರೂ ಇಲ್ಲ. ಅವನ ವಿಳಾಸವು ಬಹಿರಂಗಕೀಲಿಯ ಸಂಕ್ಷೇಪಾಂಕ ಮಾತ್ರವಾಗಿದ್ದು, ಅಲ್ಲಿಂದ ಒಮ್ಮೆಯೂ ನಾಣ್ಯ ಹೊರಹೋಗದಿದ್ದರೆ ಕೀಲಿಯು ಮರೆಯಲ್ಲಿರುತ್ತದೆ. ಖರ್ಚು ಮಾಡಿದೊಡನೆ ಅದು ಲೋಕವಿದಿತವಾಗುತ್ತದೆ. ಆದುದರಿಂದ ಒಮ್ಮೆ ಬಳಸಿದ ವಿಳಾಸವನ್ನು ಮತ್ತೆ ಬಳಸದಿರುವುದು ಅವನು ಇಂದೇ ಕೈಗೊಳ್ಳಬಹುದಾದ ರಕ್ಷೆ. ಪೂರ್ಣರಕ್ಷೆಗೆ ಹೊಸ ಸಹಿಯೇ ಬೇಕು; ಅದಕ್ಕಾದರೋ ಸಮಸ್ತ ಬಳಗವೂ ಒಮ್ಮತಕ್ಕೆ ಬರಬೇಕು, ಬೆಲೆಯನ್ನೂ ತೆರಬೇಕು: ಇಂದಿನ ಸಹಿ ಸುಮಾರು 70 ಬೈಟ್‌ಗಳಾದರೆ ಎಂಎಲ್-ಡಿಎಸ್ಎಯ ಅತ್ಯಂತ ಚಿಕ್ಕ ಸಹಿ 2,420 ಬೈಟ್, ಎಸ್ಎಲ್ಎಚ್-ಡಿಎಸ್ಎಯದು 7,856 ಬೈಟ್. ಪುಟದ ಗಾತ್ರ ಬೆಳೆಯದಿದ್ದರೆ ಅದರಲ್ಲಿ ಹಿಡಿಸುವ ವ್ಯವಹಾರಗಳು ಕಡಿಮೆಯಾಗಿ ಶುಲ್ಕ ಏರುವುದು ಅನಿವಾರ್ಯ.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಒಡೆಯರಿಲ್ಲದ ನಾಣ್ಯಗಳದು. ಮೊದಲ ವರ್ಷಗಳಲ್ಲಿ, ಪುಟವೊಂದನ್ನು ಸೇರಿಸಿದವರಿಗೆ 50 ನಾಣ್ಯಗಳ ಬಹುಮಾನವಿದ್ದ ಕಾಲದಲ್ಲಿ, ಬಹಿರಂಗಕೀಲಿಯನ್ನು ಮರೆಮಾಡದೆಯೇ ಬರೆದಿಟ್ಟ ಲಕ್ಷಾಂತರ ನಾಣ್ಯಗಳು ಇಂದಿಗೂ ಕದಲದೆ ಬಿದ್ದಿವೆ; ಸತೋಶಿಯವೆಂದು ಭಾವಿಸಲಾದವೂ ಅವುಗಳಲ್ಲಿ ಸೇರಿವೆ. ಒಡೆಯರು ಸತ್ತಿರಬಹುದು, ಕೀಲಿ ಕಳೆದುಕೊಂಡಿರಬಹುದು. ಮುದ್ರೆ ಬದಲಿಸಿಕೊಳ್ಳಿರೆಂದು ಕರೆದರೆ ಓಗೊಡುವವರಿಲ್ಲ. ಅವನ್ನು ಹಾಗೆಯೇ ಬಿಟ್ಟರೆ ಮೊದಲ ಸಮರ್ಥ ಕ್ವಾಂಟಂ ಗಣಕದ ಯಜಮಾನನಿಗೆ ನಿಧಿಯಾಗುವುವು. ತಡೆಹಿಡಿದರೆ, ಒಡೆಯನ ಕೀಲಿಯ ಮೇಲೆ ಅನ್ಯರಾರಿಗೂ ಅಧಿಕಾರವಿಲ್ಲವೆಂಬ ಮೂಲವ್ರತಕ್ಕೇ ಭಂಗ. ಬಿಟ್‌ಕಾಯಿನ್ ಬಳಗದಲ್ಲಿ ಈ ವಿವಾದ ಇನ್ನೂ ಇತ್ಯರ್ಥವಾಗಿಲ್ಲ. ಗಡುವೊಂದನ್ನು ಅನೇಕ ವರ್ಷಗಳ ಮುಂಚಿತವಾಗಿಯೇ ಸಾರಿ, ಅದರೊಳಗಾಗಿ ಹೊಸ ಮುದ್ರೆಗೆ ಬಾರದ ನಾಣ್ಯಗಳನ್ನು ಸ್ತಂಭನಗೊಳಿಸುವುದೇ ಲೇಸೆಂದು ನನಗೆ ತೋರುತ್ತದೆ. ಏಕೆಂದರೆ ಅಪಹೃತವಾದ ಲಕ್ಷಾಂತರ ನಾಣ್ಯಗಳು ಒಮ್ಮೆಲೇ ಮಾರುಕಟ್ಟೆಗೆ ಬಂದ ದಿನ, ಎಚ್ಚರದಿಂದ ಕೀಲಿ ಬದಲಿಸಿಕೊಂಡವನ ಸೊತ್ತಿನ ಬೆಲೆಯೂ ಉಳಿಯಲಾರದು.