ಹಳೆಯ ಯಂತ್ರಕ್ಕೊಂದು ಟೀಕು

ಹಳಗನ್ನಡ ಕಾವ್ಯಗಳ ಪಾಠಾಂತರಗಳನ್ನು ಬೋಧಿಸುವುದರಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದವನು ಟ್ರ್ಯಾಕ್ಟರಿನ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ಆದರೆ ನಾನು ಹೇಳಹೊರಟಿರುವುದು ನಮ್ಮ ಹೊಲಗಳನ್ನು ಉಳುವ ಟ್ರ್ಯಾಕ್ಟರಿನ ಮಾತಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದಾಗ, ನೆರೆಮನೆಯ ಶೆಡ್ಡಿನಲ್ಲಿ ನಾನು ಕಂಡ ಸೊಂಟದೆತ್ತರದ ತೋಟದ ಟ್ರ್ಯಾಕ್ಟರಿನ ಮಾತು ಇದು.

ಆ ದೇಶದ ಊರಂಚಿನ ಮನೆಗಳ ಸುತ್ತ ಅರ್ಧ ಎಕರೆ, ಒಂದು ಎಕರೆ ಹುಲ್ಲು ಹಾಸಿರುವುದು ಅಪರೂಪವಲ್ಲ. ಬೇಸಗೆಯಲ್ಲಿ ಆ ಹುಲ್ಲನ್ನು ಕತ್ತರಿಸಬೇಕು, ಚಳಿಗಾಲದಲ್ಲಿ ಹಿಮವನ್ನು ತಳ್ಳಬೇಕು, ನಡುವೆ ಒಂದಿಷ್ಟು ತರಕಾರಿಯ ಮಡಿಯನ್ನೂ ಉಳಬೇಕು. ಇಷ್ಟು ಕೆಲಸಕ್ಕೆ ದೊಡ್ಡ ಟ್ರ್ಯಾಕ್ಟರು ಹೆಚ್ಚಾಯಿತು, ಕೈಯಿಂದ ತಳ್ಳುವ ಯಂತ್ರ ಸಾಲದಾಯಿತು. ಈ ಕೊರತೆಯನ್ನು ತುಂಬಲು 1961ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯು ‘ಕಬ್ ಕೆಡೆಟ್’ ಎಂಬುದನ್ನೂ, 1963ರಲ್ಲಿ ಜಾನ್ ಡಿಯರ್ ಸಂಸ್ಥೆಯು ‘110’ ಎಂಬುದನ್ನೂ ಹೊರತಂದವು. ನಾನು ಕಂಡದ್ದು ಎರಡನೆಯದು, ಮೊದಲ ವರ್ಷದ್ದು: ವಿಸ್ಕಾನ್ಸಿನ್ ರಾಜ್ಯದ ಹೊರಿಕಾನ್ ಊರಿನಲ್ಲಿ ತಯಾರಾದ, ಏಳು ಅಶ್ವಶಕ್ತಿಯ, ಹಸಿರು ಮೈಯ, ಹಳದಿ ಚಕ್ರದ ಪುಟ್ಟ ಯಂತ್ರ.

ಅದನ್ನು ಕೊಂಡವರು ನೆರೆಯವರ ತಂದೆ. ಅವರು ತೀರಿಕೊಂಡು ವರ್ಷವಾಗಿತ್ತು. ಈಗ ಅದನ್ನು ಏನು ಮಾಡಬೇಕೆಂಬುದರ ಬಗೆಗೆ ಮನೆಯಲ್ಲಿ ಮೂರು ಅಭಿಪ್ರಾಯಗಳು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತದೆಂದು ಗೆಳೆಯರು ಹೇಳುತ್ತಿದ್ದರು. ನೀಲಿ ಬಣ್ಣ ಬಳಿದು ತಾನೇ ಓಡಿಸಬೇಕೆಂಬುದು ಹನ್ನೆರಡು ವರ್ಷದ ಮಗಳ ಆಸೆ. ಅಪ್ಪನ ಕೈ ಸೋಕಿದ ಯಾವುದನ್ನೂ ಮುಟ್ಟಬಾರದೆಂಬುದು ಅವರ ಸ್ವಂತ ಮನಸ್ಸು. ನಾನೊಬ್ಬ ಮೇಷ್ಟ್ರೆಂದು ತಿಳಿದು ನನ್ನ ಅಭಿಪ್ರಾಯವನ್ನೂ ಕೇಳಿದರು.

ಯಂತ್ರವನ್ನು ನಾನು ಬಲ್ಲವನಲ್ಲ. ಗ್ರಂಥಸಂಪಾದನೆಯನ್ನು ಅಷ್ಟಿಷ್ಟು ಬಲ್ಲೆ. ಅದನ್ನೇ ಹೇಳಿದೆ. ನಮ್ಮಲ್ಲಿ ತಾಳೆಯೋಲೆಯ ಕಾವ್ಯವನ್ನು ಅಚ್ಚಿಗೆ ಸಿದ್ಧಪಡಿಸುವವರು ಮೂಲಪಾಠವನ್ನು ಮೇಲಿಟ್ಟು, ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ತಮ್ಮ ಅರ್ಥವಿವರಣೆಯನ್ನು ಟೀಕಿನಲ್ಲಿ ಬರೆಯುತ್ತಾರೆಯೇ ಹೊರತು ಪದ್ಯದೊಳಗೆ ತುರುಕುವುದಿಲ್ಲ. ತುರುಕಿದರೆ ಅದು ಪ್ರಕ್ಷಿಪ್ತ. ಹಳೆಯ ಯಂತ್ರಕ್ಕೆ ನಾವು ಸೇರಿಸುವ ಚೆಲುವೂ ಟೀಕಿನಂತಿರಬೇಕು: ಬೇಡವೆಂದಾಗ ತೆಗೆದರೆ ಮೂಲ ಹಾಗೆಯೇ ಉಳಿದಿರಬೇಕು.

ಈ ಮಾತು ಅವರಿಗೆ ಹಿಡಿಸಿತು. ಅದನ್ನು ಕೆಲಸಕ್ಕಿಳಿಸಿದವರು ಅವರೇ. ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಹೊಸ ತೂತುಗಳನ್ನು ಕೊರೆಯದೆ ಇದ್ದ ತೂತುಗಳಿಗೇ ಬೋಲ್ಟು ಹಾಕುವುದು, ಬಿಚ್ಚಿದ ಭಾಗಗಳನ್ನು ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡುವುದು, ಕ್ರಮಸಂಖ್ಯೆಯ ತಗಡಿನ ಮೇಲೆ ಬಣ್ಣ ಬೀಳದಂತೆ ಕಾಗದ ಮುಚ್ಚುವುದು—ಇವು ಮೊದಲ ನಿಯಮಗಳಾದವು. ಆ ತಗಡು ನಮ್ಮ ಓಲೆಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಕಾಲ-ದೇಶಗಳ ಒಕ್ಕಣೆಯಂತೆ. ಅದು ಅಳಿಸಿದರೆ ಚರಿತ್ರೆಯೇ ಅಳಿಸಿತು.

ಮಗಳ ನೀಲಿ ಬಣ್ಣಕ್ಕೆ ಚರಿತ್ರೆಯ ಬೆಂಬಲವೂ ದೊರೆಯಿತು. 1969ರಲ್ಲಿ ಆ ಸಂಸ್ಥೆಯೇ ಬಿಳಿಯ ಮೈಯ ತೋಟದ ಟ್ರ್ಯಾಕ್ಟರುಗಳಿಗೆ ಕೆಂಪು, ಕಿತ್ತಳೆ, ಹಳದಿ, ನೀಲಿ—ಈ ನಾಲ್ಕರಲ್ಲಿ ಕೊಳ್ಳುವವರು ಆರಿಸಿದ ಬಣ್ಣದ ಮುಚ್ಚಳವನ್ನೂ ಆಸನವನ್ನೂ ಜೋಡಿಸಿ ಮಾರಿತ್ತು. ಹಸಿರನ್ನು ಬಿಡುವುದು ಅಪಚಾರವೇನೂ ಅಲ್ಲವೆಂದಾಯಿತು. ಆದರೂ ಅಜ್ಜನ ಹಸಿರು ಮುಚ್ಚಳಕ್ಕೆ ಬಣ್ಣ ಬಳಿಯದೆ ಅದನ್ನು ಬಿಚ್ಚಿ ಗೋಡೆಗೆ ತೂಗುಹಾಕಿದರು; ಹಳೆಯ ಸಾಮಾನಿನ ಅಂಗಡಿಯಿಂದ ಇನ್ನೊಂದು ಮುಚ್ಚಳವನ್ನು ತಂದು ಅದಕ್ಕೆ ನೀಲಿ ಬಳಿದರು. ಆ ಕಾಲದ ಬಣ್ಣದಲ್ಲಿ ಸೀಸವಿರಬಹುದು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಿಗೆ ಸೀಸ ಬೆರೆಸುವುದು ನಿಷಿದ್ಧವಾದದ್ದು 1978ರಲ್ಲಿ. ಆದ್ದರಿಂದ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸದೆ, ನೀರು ಸುರಿದು ಉಜ್ಜಿದರು. ಜಿಡ್ಡು ತೆಗೆಯುವುದು, ಉಜ್ಜುವುದು, ಪ್ರೈಮರು ಬಳಿಯುವುದು, ಆಮೇಲೆ ತೆಳುವಾಗಿ ಎರಡು ಮೂರು ಸಲ ಬಣ್ಣ ಹಾಕುವುದು: ಈ ಕ್ರಮದಲ್ಲಿ ಒಂದನ್ನು ಬಿಟ್ಟರೂ ಬಣ್ಣ ಬೇಗ ಸಿಪ್ಪೆಯೇಳುತ್ತದಂತೆ.

ಎಂಜಿನಿಗೂ ಬಣ್ಣ ಬಳಿಯೋಣವೆಂದಳು ಹುಡುಗಿ. ಅದಕ್ಕೆ ತಂದೆ ಒಪ್ಪಲಿಲ್ಲ. ಇಂಥ ಎಂಜಿನನ್ನು ತಣಿಸುವುದು ನೀರಲ್ಲ, ಗಾಳಿ. ಸಿಲಿಂಡರಿನ ಮೇಲೆ ಕಾಣುವ ತೆಳುವಾದ ಲೋಹದ ಏಣುಗಳ ನಡುವೆ ಗಾಳಿ ಹಾಯ್ದು ಶಾಖವನ್ನು ಒಯ್ಯುತ್ತದೆ. ಅಲ್ಲಿ ಬಣ್ಣ ದಪ್ಪವಾಗಿ ಕುಳಿತರೂ, ಅಲಂಕಾರದ ತಗಡು ಗಾಳಿಯ ದಾರಿಯನ್ನು ಮುಚ್ಚಿದರೂ ಎಂಜಿನು ಕಾದು ಕೆಡುತ್ತದೆ. ಅಲಂಕಾರವು ವಸ್ತುವಿನ ಉಸಿರನ್ನು ಕಟ್ಟಬಾರದೆಂಬುದನ್ನು ಅಲಂಕಾರಶಾಸ್ತ್ರವನ್ನು ಓದಿದ ನಾನು ಹೀಗೂ ಕಲಿಯಬೇಕಾಯಿತು.

ಮುಂದಿನದು ದೀಪ. ಹನ್ನೆರಡು ವೋಲ್ಟಿನ ಬ್ಯಾಟರಿಗೆ 35 ವಾಟಿನ ಎರಡು ಹಳೆಯ ಮಾದರಿಯ ದೀಪಗಳನ್ನು ಜೋಡಿಸಿದರೆ ಸುಮಾರು ಆರು ಆಂಪಿಯರ್ ವಿದ್ಯುತ್ತು ಬೇಕು. ಹತ್ತು ವಾಟಿನ ಎರಡು ಎಲ್‌ಇಡಿ ದೀಪಗಳಿಗೆ ಎರಡು ಆಂಪಿಯರಿಗಿಂತಲೂ ಕಡಿಮೆ ಸಾಕು. ಹಳೆಯ ಯಂತ್ರದ ವಿದ್ಯುತ್ತಿಗೆ ಮಿತಿಯಿರುವುದರಿಂದ ಎರಡನೆಯದೇ ಸರಿ. ಬ್ಯಾಟರಿಯ ಹತ್ತಿರವೇ ಫ್ಯೂಸು ಇರಬೇಕು. ತಂತಿಯು ಹೊಗೆಕೊಳವೆಗೂ ಬೆಲ್ಟಿಗೂ ತಗಲದಂತೆ ಹಾದುಹೋಗಬೇಕು.

ಬೆಲ್ಟಿನ ಮಾತು ಬಂದಾಗ ನೆರೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಅವರ ತಂದೆಯ ಎಡಗೈಯ ಒಂದು ಬೆರಳಿನ ತುದಿ ಇರಲಿಲ್ಲವಂತೆ. ಎಂಜಿನು ನಿಲ್ಲಿಸದೆ ಕೆಳಗಿಳಿದು, ಸಿಕ್ಕಿಕೊಂಡ ಕಡ್ಡಿಯನ್ನು ತೆಗೆಯಲು ಬೆಲ್ಟಿನ ಬಳಿಗೆ ಕೈ ಹಾಕಿದ್ದರಿಂದ ಹೋದದ್ದು. ಮಗಳು ಓಡಿಸುವ ಯಂತ್ರಕ್ಕೆ ಮಾಡಬೇಕಾದ ನಿಜವಾದ ಅಲಂಕಾರ ಯಾವುದೆಂದು ಆಗ ಎಲ್ಲರಿಗೂ ಹೊಳೆಯಿತು. ಆಸನದ ಕೆಳಗೆ ಒಂದು ಸ್ವಿಚ್ಚು ಕೂರಿಸಿ, ಕುಳಿತವರು ಎದ್ದೊಡನೆ ಎಂಜಿನು ನಿಲ್ಲುವಂತೆ ತಂತಿ ಜೋಡಿಸಿದರು. ಈಚಿನ ಯಂತ್ರಗಳಲ್ಲಿ ಇದು ಬಂದಾಗಲೇ ಇರುತ್ತದೆ. ಈ ಹಳೆಯದರಲ್ಲಿ ಇರಲಿಲ್ಲ. ಕಳಚಿ ಮೂಲೆಗೆ ಬಿದ್ದಿದ್ದ ಬೆಲ್ಟಿನ ಕವಚವನ್ನೂ ಹುಡುಕಿ ಮತ್ತೆ ಹಾಕಿದರು. ಸ್ವಿಚ್ಚು ಕೆಲಸ ಮಾಡುತ್ತಿದೆಯೆ ಎಂದು ಪ್ರತಿಸಲವೂ ನೋಡಿಯೇ ಹೊರಡಬೇಕು, ತಾನು ಜೊತೆಯಲ್ಲಿದ್ದಾಗ ಮಾತ್ರ ಓಡಿಸಬೇಕು, ಹುಲ್ಲು ಕತ್ತರಿಸುವ ಅಲಗನ್ನು ಸದ್ಯಕ್ಕೆ ಜೋಡಿಸುವುದೇ ಇಲ್ಲ ಎಂದು ಮಗಳಿಗೆ ಹೇಳಿದರು.

ಕೊನೆಗೆ ಉಳಿದದ್ದು ಗೇರಿನ ಹಿಡಿ. ಅದರ ಕರಿಯ ಗುಂಡಿನ ಒಂದು ಮಗ್ಗುಲು ಆ ತಂದೆಯ ಅಂಗೈಗೆ ಸವೆದು ನಯವಾಗಿತ್ತು. ಹೊಸದು ಸಿಗುತ್ತದೆ, ಬದಲಾಯಿಸಿ ಎಂದಿದ್ದರು ಗೆಳೆಯರು. ಅವರು ಬದಲಾಯಿಸಲಿಲ್ಲ.

ಮರುವರ್ಷ ಹೋಗುವಾಗ ನಾನು ಚನ್ನಪಟ್ಟಣದಲ್ಲಿ ಆಲೆಮರದ ಒಂದು ಗುಂಡನ್ನು ಕಡೆಯಿಸಿಕೊಂಡು ಹೋಗಿದ್ದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಬಿಸಿಗೆ ಹಿಡಿದದ್ದು ಬಿಸಿಗೇ ಮೆತ್ತಗಾಗುವುದರಿಂದ, ಎಂಜಿನಿನಿಂದ ದೂರವಿಡಿ ಎಂದು ಹೇಳಿ ಕೊಟ್ಟೆ. ಒಳಗೆ ಹಿತ್ತಾಳೆಯ ನಟ್ಟನ್ನು ಕೂರಿಸಿ, ಆಸನದ ಪಕ್ಕದಲ್ಲಿದ್ದ ಬೇರೊಂದು ಸನ್ನೆಯ ತುದಿಗೆ ಹುಡುಗಿಯೇ ಅದನ್ನು ತಿರುಗಿಸಿ ಹಾಕಿದಳು. ಆಮೇಲೆ ಆಸನದ ಮೇಲೆ ಕುಳಿತು ಎಂಜಿನು ಚಾಲೂ ಮಾಡಿ, ಒಮ್ಮೆ ಎದ್ದು ನಿಂತಳು. ಎಂಜಿನು ನಿಂತಿತು. ಮತ್ತೆ ಕುಳಿತು ಚಾಲೂ ಮಾಡಿ, ಅಜ್ಜನ ಸವೆದ ಗುಂಡಿನ ಮೇಲೆ ಕೈಯಿಟ್ಟು ಗೇರು ಹಾಕಿದಳು. ತಂದೆ ಪಕ್ಕದಲ್ಲಿಯೇ ನಡೆಯುತ್ತ ಹೋದರು.