ಸತ್ತವರನ್ನು ಎಬ್ಬಿಸಿದ ರೊಮೆರೊ

ಜಾರ್ಜ್ ರೊಮೆರೊ 2017ರ ಜುಲೈ 16ರಂದು ಟೊರಾಂಟೊದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ 77 ವರ್ಷ. ಹೆಂಡತಿ, ಮಗಳು ಪಕ್ಕದಲ್ಲಿದ್ದರು. ತಮಗೆ ಬಲು ಪ್ರಿಯವಾಗಿದ್ದ ‘ದಿ ಕ್ವಯಟ್ ಮ್ಯಾನ್’ ಚಿತ್ರದ ಸಂಗೀತವನ್ನು ಕೇಳುತ್ತಲೇ ಅವರು ಕಣ್ಣು ಮುಚ್ಚಿದರೆಂದು ಮನೆಯವರು ತಿಳಿಸಿದರು. ಹೆಣಗಳು ಎದ್ದು ಬಂದು ಬದುಕಿದ್ದವರನ್ನು ತಿನ್ನುವ ಚಿತ್ರಗಳಿಂದ ಲೋಕವನ್ನೇ ನಡುಗಿಸಿದವರು ಅವರು. ಆ ಚಿತ್ರಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇಂದು ಸಿನಿಮಾ, ಟೀವಿ, ವಿಡಿಯೋ ಆಟಗಳಲ್ಲೆಲ್ಲ ಓಲಾಡುತ್ತಾ ಬರುವ ‘ಜಾಂಬಿ’ಯನ್ನು ಕಂಡಾಗಲೆಲ್ಲ ಇದಕ್ಕೆ ರೊಮೆರೊಗೆ ಸಂದದ್ದೇನು ಎಂಬ ಪ್ರಶ್ನೆ ಏಳುತ್ತದೆ.

ಜಾಂಬಿ ಅವರು ಹುಟ್ಟಿಸಿದ ಪದವಲ್ಲ. ಅದು ಹೈಟಿ ದೇಶದ ಜನರ ನಂಬಿಕೆ. ಅಲ್ಲಿನ ಜಾಂಬಿ ಯಾರನ್ನೂ ತಿನ್ನುವುದಿಲ್ಲ. ಮಂತ್ರವಾದಿ ಹೆಣವನ್ನು ಎಬ್ಬಿಸಿ ದುಡಿಸಿಕೊಳ್ಳುತ್ತಾನೆ, ಅಷ್ಟೆ. ಕಬ್ಬಿನ ಗದ್ದೆಗಳಲ್ಲಿ ಗುಲಾಮರಾಗಿ ಸತ್ತವರ ಸಂತತಿಗೆ ಸತ್ತ ಮೇಲೂ ಜೀತ ತಪ್ಪದು ಎಂಬುದಕ್ಕಿಂತ ದೊಡ್ಡ ಭಯ ಬೇರೆ ಯಾವುದಿದ್ದೀತು? 1932ರ ‘ವೈಟ್ ಜಾಂಬಿ’ ಚಿತ್ರದಲ್ಲಿ ಹೆಣಗಳು ಸಕ್ಕರೆ ಗಾಣವನ್ನೇ ತಿರುಗಿಸುತ್ತವೆ.

ರೊಮೆರೊ ಮಂತ್ರವಾದಿಯನ್ನು ತೆಗೆದುಹಾಕಿದರು. ರಿಚರ್ಡ್ ಮ್ಯಾಥಿಸನ್‌ನ 1954ರ ಕಾದಂಬರಿ ‘ಐ ಆಮ್ ಲೆಜೆಂಡ್’ನಿಂದ ಸ್ಫೂರ್ತಿ ಪಡೆದೆನೆಂದು ಅವರೇ ಹೇಳಿಕೊಂಡಿದ್ದಾರೆ. ನಮ್ಮ ದೆವ್ವಗಳನ್ನೇ ನೆನೆಯಿರಿ: ಪ್ರತಿಯೊಂದಕ್ಕೂ ಹೆಸರುಂಟು, ಊರುಂಟು, ತೀರದ ಒಂದು ಆಸೆಯುಂಟು, ಕೇಳಿದ್ದು ಕೊಟ್ಟರೆ ಬಿಟ್ಟುಹೋಗುವುದೂ ಉಂಟು. ರೊಮೆರೊನ ಹೆಣಗಳಿಗೆ ಇದಾವುದೂ ಇಲ್ಲ. ಹಗೆಯಿಲ್ಲ, ನೆನಪಿಲ್ಲ, ಇರುವುದು ಹಸಿವೊಂದೇ. ಅವುಗಳೊಡನೆ ಮಾತುಕತೆಯೇ ಸಾಧ್ಯವಿಲ್ಲ.

ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಗೆಳೆಯರ ಗುಂಪು ಸುಮಾರು 1,14,000 ಡಾಲರ್‌ಗಳಲ್ಲಿ ಮುಗಿಸಿದ ಕಪ್ಪು-ಬಿಳುಪು ಚಿತ್ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ರಕ್ತಕ್ಕೆ ಚಾಕೊಲೇಟ್ ಪಾಕ ಬಳಸಿದರು. ಕಥೆ ಬಹಳ ಸರಳ. ಹೊರಗೆ ಹೆಣಗಳು, ಒಳಗೆ ಏಳು ಜನ. ಆ ಏಳು ಜನರಿಗೆ ನೆಲಮಾಳಿಗೆಯಲ್ಲಿ ಅಡಗುವುದೋ ಮೇಲೆಯೇ ಉಳಿಯುವುದೋ ಎಂಬುದರಲ್ಲೂ ಒಮ್ಮತವಿಲ್ಲ. ನಾಯಕ ಬೆನ್ ಪಾತ್ರವನ್ನು ಮಾಡಿದ್ದು ಕಪ್ಪು ಜನಾಂಗದ ನಟ ಡುವೇನ್ ಜೋನ್ಸ್. ಪರೀಕ್ಷೆಗೆ ಬಂದವರಲ್ಲಿ ಅವನೇ ಉತ್ತಮನಿದ್ದ, ಬೇರೆ ಉದ್ದೇಶವಿರಲಿಲ್ಲ ಎಂದು ರೊಮೆರೊ ಹೇಳುತ್ತಿದ್ದರು. ರಾತ್ರಿಯೆಲ್ಲ ಹೋರಾಡಿ ಬದುಕುಳಿದ ಬೆನ್‌ನನ್ನು ಬೆಳಿಗ್ಗೆ ಕೋವಿ ಹಿಡಿದು ಬಂದ ಬಿಳಿಯರು ಹೆಣವೆಂದೇ ಬಗೆದು ಗುಂಡಿಟ್ಟು ಕೊಲ್ಲುತ್ತಾರೆ. ಚಿತ್ರ ತೆರೆಕಂಡದ್ದು 1968ರ ಅಕ್ಟೋಬರ್‌ನಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಉದ್ದೇಶವಿರಲಿಲ್ಲವೆಂದರೂ ಪ್ರೇಕ್ಷಕರು ಬೇರೆ ಹೇಗೆ ನೋಡಿಯಾರು?

ಹಂಚಿಕೆದಾರರಿಂದ ಆದ ಎಡವಟ್ಟಿನ ಕಥೆ ಇನ್ನೊಂದು. ಚಿತ್ರಕ್ಕೆ ಮೊದಲಿದ್ದ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ಶೀರ್ಷಿಕೆ ಬದಲಿಸುವಾಗ ಅದರ ಜೊತೆಗಿದ್ದ ಕೃತಿಸ್ವಾಮ್ಯದ ಸಾಲೂ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಪ್ರತಿಯ ಮೇಲೆ ಆ ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ! (ನಮ್ಮ 1957ರ ಕಾಯಿದೆಯಲ್ಲಿ ಇಂಥ ಷರತ್ತಿಲ್ಲ; ಅಮೆರಿಕವೂ 1989ರಲ್ಲಿ ಅದನ್ನು ಕೈಬಿಟ್ಟಿತು.) ಚಿತ್ರ ಬಿಡುಗಡೆಯಾದಾಗಲೇ ಸಾರ್ವಜನಿಕರ ಸ್ವತ್ತಾಯಿತು. ಟೀವಿಯವರು ತೋರಿಸಿದರು, ಕ್ಯಾಸೆಟ್‌ನವರು ಮಾರಿದರು. ತೆಗೆದವರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ. ಬಿಟ್ಟಿ ಸಿಕ್ಕಿದ್ದರಿಂದಲೇ ಅದು ಮೂಲೆ ಮೂಲೆಗೂ ಮುಟ್ಟಿತು, ಅದರ ಹೆಣಗಳನ್ನು ಬೇಕಾದವರೆಲ್ಲ ಎರವಲು ಪಡೆದರು ಎಂಬುದೂ ನಿಜ. ಆದರೆ ಈ ಸಮಾಧಾನ ಎರವಲು ಪಡೆದವರಿಗೆ ಒಪ್ಪುತ್ತದೆಯೇ ಹೊರತು ಕಳೆದುಕೊಂಡವರಿಗಲ್ಲ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಚಿತ್ರಕ್ಕೆ ಸ್ಥಾನ ಸಿಕ್ಕಿತೆಂಬುದು ಬೇರೆ ಮಾತು.

1978ರ ‘ಡಾನ್ ಆಫ್ ದಿ ಡೆಡ್’ ಅನ್ನು ಅವರು ಮನ್ರೋವಿಲ್‌ನ ದೊಡ್ಡ ಮಾಲ್‌ನಲ್ಲಿ ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಗಳಲ್ಲಿ ಚಿತ್ರಿಸಿದರು. ಬದುಕಿದ್ದಾಗಿನ ರೂಢಿಬಲದಿಂದ ಹೆಣಗಳು ಅಂಗಡಿ ಬೀದಿಗೇ ಬಂದು ಗಾಜಿಗೆ ಮುಖ ಒತ್ತುತ್ತವೆ. ನನಗೆ ಇದೇ ಅವರ ಶ್ರೇಷ್ಠ ಚಿತ್ರ. ಮುಂದೆ ಬಂದವುಗಳಲ್ಲಿ 1985ರ ‘ಡೇ ಆಫ್ ದಿ ಡೆಡ್’ ಗಟ್ಟಿ, ಕೊನೆಕೊನೆಯವು ಸೊರಗಿವೆ.

ಅವರ ಇನ್ನೊಂದು ಚಿತ್ರ ಬೆಳಕು ಕಂಡದ್ದು ಅವರ ಸಾವಿನ ನಂತರ. ವೃದ್ಧರನ್ನು ಜನ ನಡೆಸಿಕೊಳ್ಳುವ ಬಗೆಯ ಕುರಿತು ಒಂದು ಲೂಥರನ್ ಸೇವಾ ಸಂಸ್ಥೆ 1973ರಲ್ಲಿ ಅವರಿಂದ ಒಂದು ತಾಸಿಗೂ ಚಿಕ್ಕದಾದ ‘ದಿ ಅಮ್ಯೂಸ್‌ಮೆಂಟ್ ಪಾರ್ಕ್’ ಮಾಡಿಸಿತ್ತು. ದಶಕಗಳ ಕಾಲ ಮೂಲೆ ಸೇರಿದ್ದ ಅದು ದುರಸ್ತಿಯಾಗಿ 2021ರಲ್ಲಿ ಜನರೆದುರು ಬಂತು. ಬಿಳಿ ಸೂಟು ತೊಟ್ಟ ಮುದುಕನೊಬ್ಬ ಹುರುಪಿನಿಂದ ಜಾತ್ರೆಯಂಥ ಉದ್ಯಾನಕ್ಕೆ ಹೋಗುತ್ತಾನೆ. ಅಲ್ಲಿ ಅವನನ್ನು ತಳ್ಳುತ್ತಾರೆ, ದೋಚುತ್ತಾರೆ, ಬಹಳ ಮಂದಿ ಕಣ್ಣೆತ್ತಿಯೂ ನೋಡುವುದಿಲ್ಲ. ಮುಖದಲ್ಲಿ ಗಾಯ, ಸೂಟಿಗೆ ಮಣ್ಣು ಹತ್ತಿಸಿಕೊಂಡು ಅವನು ಹೊರಟ ಕೋಣೆಗೇ ಮರಳುತ್ತಾನೆ. ಇಡೀ ಚಿತ್ರದಲ್ಲಿ ಎದ್ದು ಬಂದ ಹೆಣ ಒಂದೂ ಇಲ್ಲ.