ದೋಣಿಗೆ ಕಣ್ಣು, ಬಸ್ಸಿಗೆ ಬಣ್ಣ: ಮಾಲ್ಟಾದ ಮನೆಮಾತು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮಾಲ್ಟಾ ಎಂದರೆ ಒಂದು ಸಾಲಿನ ಉತ್ತರ. ರಾಜಧಾನಿ ವಲೆಟ್ಟಾ, ಕರೆನ್ಸಿ ಯೂರೊ, ಇಟಲಿಯ ಸಿಸಿಲಿಗೂ ದಕ್ಷಿಣಕ್ಕೆ ಮೆಡಿಟರೇನಿಯನ್ ಸಮುದ್ರದ ನಡುವೆ ಇರುವ ದ್ವೀಪ ದೇಶ. ಈಚೆಗೆ ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋಗುವ ಭಾರತೀಯರು ಹೆಚ್ಚಿದ್ದಾರೆ. ಹಾಗಾಗಿ ಪರೀಕ್ಷೆಯ ಆಚೆಗೂ ಈ ಹೆಸರು ಕಿವಿಗೆ ಬೀಳುತ್ತಿರುತ್ತದೆ. ವಿಸ್ತೀರ್ಣ ಬರೀ 316 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಅರ್ಧದಷ್ಟೂ ಇಲ್ಲ. ಜನಸಂಖ್ಯೆ ಐದು ಲಕ್ಷ ಚಿಲ್ಲರೆ.

ಇಷ್ಟು ಪುಟ್ಟ ಜಾಗವನ್ನು ಆಳಿದವರ ಪಟ್ಟಿ ಮಾತ್ರ ಉದ್ದ. ಅರಬ್ಬರು, ನಾರ್ಮನ್ನರು, 1530ರಿಂದ 1798ರವರೆಗೆ ಸೇಂಟ್ ಜಾನ್ ಪಂಥದ ನೈಟ್‌ಗಳು, ಎರಡು ವರ್ಷ ಫ್ರೆಂಚರು, ಆಮೇಲೆ 1964ರವರೆಗೆ ಬ್ರಿಟಿಷರು. ಇಷ್ಟೆಲ್ಲ ಜನ ಬಂದು ಹೋದ ಮೇಲೆ ಅಲ್ಲಿಯವರದ್ದೇ ಎನ್ನುವ ಸಂಗೀತ, ಚಿತ್ರಕಲೆ ಏನು ಉಳಿದಿರಬಹುದು?

ಪ್ರವಾಸಿಗರಿಗೆ ಸಿಗುವ ಸಿದ್ಧ ಉತ್ತರ ಕಾರವಾಜ್ಜೊ. ವಲೆಟ್ಟಾದ ಸೇಂಟ್ ಜಾನ್ಸ್ ಕ್ಯಾಥೆಡ್ರಲ್‌ನಲ್ಲಿ ಈ ಇಟಾಲಿಯನ್ ಕಲಾವಿದ 1608ರಲ್ಲಿ ಬರೆದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರವಿದೆ. ಅಗಲ ಐದು ಮೀಟರ್‌ಗೂ ಹೆಚ್ಚು. ಅವನು ಸಹಿ ಹಾಕಿದ ಏಕೈಕ ಚಿತ್ರ ಇದು. ಆ ಸಹಿಯೂ ಯೋಹಾನನ ಕತ್ತಿನಿಂದ ಹರಿದ ರಕ್ತದಲ್ಲೇ ಬರೆದಂತಿದೆ. ಕೊಲೆ ಮಾಡಿ ರೋಮ್ ಬಿಟ್ಟು ಓಡಿಬಂದಿದ್ದ ಅವನನ್ನು ಇಲ್ಲಿ ನೈಟ್ ಮಾಡಿದರು. ಕೆಲವೇ ತಿಂಗಳಲ್ಲಿ ಇನ್ನೊಂದು ಜಗಳಕ್ಕೆ ಸಿಕ್ಕಿ ಜೈಲು ಸೇರಿದ, ಅಲ್ಲಿಂದಲೂ ತಪ್ಪಿಸಿಕೊಂಡ. ಪಂಥದಿಂದ ಅವನನ್ನು ಹೊರಹಾಕುವ ವಿಧಿ ನಡೆದದ್ದು ಅವನದೇ ಚಿತ್ರ ತೂಗುತ್ತಿದ್ದ ಕೋಣೆಯಲ್ಲಿ. ಕಥೆ ಸಿನಿಮಾ ಮಾಡುವಂತಿದೆ, ಚಿತ್ರವೂ ಅದ್ಭುತ. ಆದರೆ ಅವನು ಮಾಲ್ಟಾದಲ್ಲಿ ಇದ್ದದ್ದು ಒಂದೂಕಾಲು ವರ್ಷದಷ್ಟೇ. ಚಿತ್ರ ಬರೆಸಿಕೊಂಡವರೂ ಹೊರಗಿನಿಂದ ಬಂದು ಆಳುತ್ತಿದ್ದ ನೈಟ್‌ಗಳು. ಮಾಲ್ಟಾದವರ ದನಿ ಕೇಳಬೇಕಾದರೆ ಕ್ಯಾಥೆಡ್ರಲ್ ಬಿಟ್ಟು ಮದ್ಯದಂಗಡಿಯ ಬಾಗಿಲಿಗೆ ಹೋಗಬೇಕು.

ಅಲ್ಲಿ ಹಾಡುವ ಜನಪದ ಹಾಡಿನ ಹೆಸರು 'ಆನಾ'. ಅದರಲ್ಲಿ ಮುಖ್ಯವಾಗಿ ಮೂರು ಬಗೆ. 'ತಲ್-ಫತ್' ಎಂಬುದು ಕಥನಗೀತೆ. ಊರಲ್ಲಿ ನಡೆದ ದುರಂತವನ್ನೋ ಸದ್ದು ಮಾಡಿದ ಸುದ್ದಿಯನ್ನೋ ಒಬ್ಬನೇ ಕುಳಿತು ಕೊನೆಯವರೆಗೆ ಹಾಡಿ ಹೇಳುತ್ತಾನೆ. ಎರಡನೆಯದು ಬಹಳ ಎತ್ತರದ ಶ್ರುತಿಯಲ್ಲಿ ಹಾಡುವುದು. ಬೊರ್ಮ್ಲಾ ಎಂಬ ಊರಿನ ಹೆಸರಿನಿಂದ ಅದನ್ನು 'ಬೊರ್ಮ್ಲಿಜಾ' ಎಂದೂ ಕರೆಯುತ್ತಾರೆ. ಮನೆಗೆಲಸ ಮಾಡುತ್ತ, ಬಟ್ಟೆ ಒಗೆಯುತ್ತ ಹೆಂಗಸರು ಹಾಡಿಕೊಳ್ಳುತ್ತಿದ್ದ ಧಾಟಿ ಅದು. ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಆನಾ ಹಾಡಿದರೆ ಮರ್ಯಾದೆಗೇಡು ಎನ್ನುತ್ತಿದ್ದ ಕಾಲವೂ ಇತ್ತು. ಹಾಗಾಗಿ ಹೆಂಗಸರ ಧಾಟಿಯನ್ನು ಗಂಡಸರೇ ದನಿ ಎತ್ತರಿಸಿ ಹಾಡುವಂತಾಯಿತು!

ನನಗೆ ಅತಿ ಇಷ್ಟವಾದದ್ದು ಮೂರನೆಯದು, 'ಸ್ಪಿರ್ತು ಪ್ರೊಂಟ್'. ಇದು ಆಶುಕವಿಗಳ ಕಾಳಗ. ಇಬ್ಬರು ಅಥವಾ ನಾಲ್ವರು ಹಾಡುಗಾರರು, ಹಿಂದೆ ಮೂರು ಗಿಟಾರ್. ಒಂದು ಗಿಟಾರ್ ಮೊದಲು ರಾಗ ಬಿಡಿಸುತ್ತದೆ, ಉಳಿದೆರಡು ತಾಳ ಹಿಡಿಯುತ್ತವೆ. ಒಬ್ಬ ನಾಲ್ಕು ಸಾಲು ಹಾಡಿ ನಿಲ್ಲಿಸಿದ ಕೂಡಲೇ ಗಿಟಾರ್ ಮತ್ತೆ ಮುಂದೆ ಬರುತ್ತದೆ. ಎದುರಾಳಿಗೆ ಯೋಚಿಸಲು ಸಿಗುವುದು ಆ ಬಿಡುವು ಮಾತ್ರ. ಅಷ್ಟರಲ್ಲಿ ಪ್ರಾಸ ಹೊಂದಬೇಕು, ವಿಷಯಕ್ಕೆ ಸರಿಯಾದ ಉತ್ತರವಿರಬೇಕು, ಚುಚ್ಚಬೇಕು, ಆದರೆ ನೇರವಾಗಿ ಬೈಯುವಂತಿಲ್ಲ. ಹರದೇಶಿ–ನಾಗೇಶಿ ಪದಗಳ ಸವಾಲ್–ಜವಾಬ್ ಕೇಳಿದ ಉತ್ತರ ಕರ್ನಾಟಕದವರಿಗೆ ಇದರ ರುಚಿ ಬೇಗ ಹತ್ತೀತು. ಹಾಡುಗಾರರನ್ನು ಜನ ಗುರುತಿಸುವುದು ಅಡ್ಡಹೆಸರಿನಿಂದ. ಫ್ರಾನ್ಸ್ ಬಾಲ್ದಕ್ಕೀನೊ ಎಂಬ ಹೆಸರಾಂತ ಹಾಡುಗಾರ ಎಲ್ಲರ ಬಾಯಲ್ಲೂ 'ಇಲ್-ಬುದಾಯ್'.

ಇದನ್ನೆಲ್ಲ ಹಾಡುತ್ತಿದ್ದವರು ರೈತರು, ಬಂದರಿನ ಕೂಲಿಗಳು. ಓದಿದವರಿಗೆ ಇದೆಂದರೆ ಮೂಗುಮುರಿತ. ಅದಕ್ಕೆ ಭಾಷೆಯೂ ಕಾರಣ. ಮಾಲ್ಟೀಸ್ ಅರಬ್ಬಿಯ ಕುಟುಂಬಕ್ಕೆ ಸೇರಿದ ಭಾಷೆ. ಆದರೆ ಬರೆಯುವುದು ರೋಮನ್ ಲಿಪಿಯಲ್ಲಿ, ಪದಗಳಲ್ಲಿ ಅರ್ಧದಷ್ಟು ಇಟಾಲಿಯನ್ ಕಡೆಯವು. ಕೋರ್ಟು, ಕಚೇರಿ, ಕಾವ್ಯ ಎಲ್ಲದಕ್ಕೂ ಇಟಾಲಿಯನ್ ನಡೆಯುತ್ತಿತ್ತು. ಮಾಲ್ಟೀಸ್ ಅಡುಗೆಮನೆಯ ಮಾತು ಎನಿಸಿಕೊಂಡಿತ್ತು. ಅದಕ್ಕೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 1934ರಲ್ಲಿ. ಅಲ್ಲಿಯವರೆಗೆ ಆ ಭಾಷೆಯಲ್ಲಿ ಪ್ರಾಸ ಕಟ್ಟಿ, ವಾದ ಹೂಡಿ, ಚಾತುರ್ಯ ತೋರಿಸುತ್ತ ಬಂದವರಲ್ಲಿ ಈ ಹಾಡುಗಾರರೂ ಇದ್ದರು. ಅವರಲ್ಲಿ ಅನೇಕರಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಯುನೆಸ್ಕೊ ಆನಾವನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು 2021ರಲ್ಲಿ.

ಪಟ್ಟಿಗೆ ಸೇರಿದರೆ ಗೌರವ ಬಂತು, ಸರಿ. ಆದರೆ ಈಗಿನ ಹುಡುಗ ಹುಡುಗಿಯರು ಯಾವ ಭಾಷೆಯಲ್ಲಿ ಹಾಡಬೇಕು? ಮಾಲ್ಟಾದಲ್ಲಿ ಈ ಪ್ರಶ್ನೆ ಪ್ರತಿವರ್ಷ ಯುರೋವಿಷನ್ ಹಾಡಿನ ಸ್ಪರ್ಧೆ ಬಂದಾಗ ಏಳುತ್ತದೆ. 1971 ಮತ್ತು 1972ರಲ್ಲಿ ಮಾಲ್ಟಾ ತನ್ನ ಭಾಷೆಯಲ್ಲೇ ಹಾಡಿತು. ಎರಡು ಸಲವೂ ಕೊನೆಯ ಸ್ಥಾನ. 1975ರಲ್ಲಿ ಇಂಗ್ಲಿಷಿಗೆ ಹೊರಳಿತು. 2002 ಮತ್ತು 2005ರಲ್ಲಿ ಇಂಗ್ಲಿಷ್ ಹಾಡುಗಳಿಗೆ ಎರಡನೇ ಸ್ಥಾನವೂ ಬಂತು. ಗೆಲ್ಲಬೇಕಾದರೆ ಇಂಗ್ಲಿಷೇ ಬೇಕು ಎನ್ನುವವರಿಗೆ ಇದೇ ಸಾಕ್ಷಿ. ನನಗೆ ಈ ವಾದ ಒಪ್ಪಿಗೆಯಾಗುವುದಿಲ್ಲ. 2017ರಲ್ಲಿ ಗೆದ್ದದ್ದು ಪೋರ್ಚುಗೀಸ್ ಹಾಡು, 2021ರಲ್ಲಿ ಇಟಾಲಿಯನ್, 2022ರಲ್ಲಿ ಉಕ್ರೇನಿಯನ್. ಕೇಳುವವರು ಬದಲಾಗಿದ್ದಾರೆ, ಕಳಿಸುವವರ ಹೆದರಿಕೆ ಮಾತ್ರ ಹಾಗೇ ಇದೆ.

2025ರಲ್ಲಿ ಇದು ಇನ್ನೊಂದು ರೂಪ ತಾಳಿತು. ಮಿರಿಯಾನಾ ಕೊಂಟೆ ಎಂಬ ಗಾಯಕಿಯ ಹಾಡಿನ ಹೆಸರು 'ಕಾಂಟ್'. ಮಾಲ್ಟೀಸಿನಲ್ಲಿ ಅದರ ಅರ್ಥ ಹಾಡುವಿಕೆ. ಉಚ್ಚಾರ ಮಾತ್ರ ಇಂಗ್ಲಿಷಿನ ಒಂದು ಬೈಗುಳಕ್ಕೆ ಹತ್ತಿರ. ಆ ಪದ ಬಳಸುವಂತಿಲ್ಲ ಎಂದು ಆಯೋಜಕರು ಪಟ್ಟು ಹಿಡಿದರು. ಕೊನೆಗೆ ಹೆಸರೂ ಬದಲಾಯಿತು, ಹಾಡಿನಿಂದ ಪದವೂ ಹೋಯಿತು. ನಿಜ ಹೇಳಬೇಕೆಂದರೆ ಆ ದ್ವಂದ್ವಾರ್ಥ ಹಾಡಿನಲ್ಲಿ ಬೇಕೆಂದೇ ಇಟ್ಟಿದ್ದು, ಅಮಾಯಕತೆಯೇನಲ್ಲ. ಆದರೂ ಬಹುಪಾಲು ಇಂಗ್ಲಿಷಿನಲ್ಲಿದ್ದ ಹಾಡಿನಲ್ಲಿ ಮಾಲ್ಟೀಸಿನದೆಂದು ಇದ್ದ ಪದವೇ ಕತ್ತರಿಗೆ ಸಿಕ್ಕಿದ್ದು ಅಲ್ಲಿಯವರಿಗೆ ಚುಚ್ಚಿತು.

ಕಣ್ಣಿಗೆ ಕಾಣುವ ಕಲೆಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ಮಾರ್ಸಶ್ಲೋಕ್ ಎಂಬ ಮೀನುಗಾರರ ಊರಿನಲ್ಲಿ 'ಲುತ್ಸು' ಎಂಬ ಮರದ ದೋಣಿಗಳಿವೆ. ನೀಲಿ, ಹಳದಿ, ಕೆಂಪು, ಹಸಿರು ಪಟ್ಟೆಗಳು, ಮುಂದಿನ ಮೂತಿಯ ಎರಡೂ ಬದಿಗೆ ಒಂದೊಂದು ಕಣ್ಣು. ಕಡಲಿನ ಕೇಡಿನಿಂದ ಕಾಯಲಿ ಎಂದು ಇಟ್ಟ ಕಣ್ಣು ಅದು. ಕ್ಯಾಥಲಿಕ್ ಸಂತರ ಹೆಸರು ಹೊತ್ತ ದೋಣಿಗೆ ಕ್ರಿಸ್ತನಿಗಿಂತ ಹಳೆಯ ನಂಬಿಕೆಯ ಕಣ್ಣು. ಯಾರಿಗೂ ಅದು ವಿಚಿತ್ರ ಎನಿಸಿಲ್ಲ.

ಬಸ್ಸುಗಳದ್ದು ಸ್ವಲ್ಪ ಬೇಸರದ ಕಥೆ. 2011ರವರೆಗೆ ಮಾಲ್ಟಾದಲ್ಲಿ ಬಸ್ಸುಗಳ ಮಾಲೀಕರು ಹೆಚ್ಚಾಗಿ ಅವುಗಳ ಚಾಲಕರೇ. ತಮ್ಮ ಬಸ್ಸನ್ನು ತಾವೇ ಸಿಂಗರಿಸುತ್ತಿದ್ದರು. ಬಳ್ಳಿ, ಸುರುಳಿ, ನೆರಳುಳ್ಳ ಬಣ್ಣದ ಅಕ್ಷರಗಳನ್ನು ಕೈಯಿಂದ ಬರೆಯುವ ಈ ಕಸುಬಿಗೆ 'ತ್‌ಬೆರ್ಫಿಲ್' ಎಂದು ಹೆಸರು. ಹಳೆಯ ಬಸ್ಸುಗಳು ಹೊಗೆ ಉಗುಳುತ್ತಿದ್ದವು, ಮೆಟ್ಟಿಲು ಎತ್ತರ, ವಯಸ್ಸಾದವರಿಗೆ ಹತ್ತುವುದು ಕಷ್ಟ. ತೆಗೆದದ್ದು ತಪ್ಪು ಎಂದು ಹೇಳಲಾರೆ. ಆದರೆ ಬಸ್ಸಿನ ಜೊತೆ ಕುಂಚ ಹಿಡಿದವರ ಕೆಲಸವೂ ಹೋಯಿತು. ಈಗ ಯುವ ವಿನ್ಯಾಸಕಾರರು ಆ ಅಕ್ಷರಗಳನ್ನು ಫಲಕ, ಪೋಸ್ಟರ್‌ಗಳಿಗೆ ಮತ್ತೆ ತರುತ್ತಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿದ್ದದ್ದು ಸ್ಟುಡಿಯೊ ಸೇರಿದೆ.

ಈಚಿನ ಎರಡು ಪ್ರದರ್ಶನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾಮೇಳದಲ್ಲಿ 2022ರಲ್ಲಿ ಮಾಲ್ಟಾ ಆರಿಸಿಕೊಂಡದ್ದು ಮತ್ತೆ ಕಾರವಾಜ್ಜೊನ ಶಿರಚ್ಛೇದವನ್ನೇ. ಕತ್ತಲೆಯ ಕೋಣೆ, ಚಾವಣಿಯಿಂದ ಕರಗಿದ ಉಕ್ಕಿನ ಹನಿಗಳು ನೀರಿನ ತೊಟ್ಟಿಗಳಿಗೆ ಬಿದ್ದು ಬುಸ್ಸೆಂದು ಆರುತ್ತವೆ. ಆ ಹನಿಗಳು ಬೀಳುವ ಲಯಕ್ಕೆ ಸಂಗೀತ ಹೆಣೆದವರು ಮಾಲ್ಟಾದ ಬ್ರಯನ್ ಶೆಂಬ್ರಿ, ಯಂತ್ರ ಕಟ್ಟಿದವರು ಇಟಲಿಯ ಕಲಾವಿದ ಅರ್ಕಾಂಜೆಲೊ ಸಸ್ಸೊಲೀನೊ.

2024ರ ಸರದಿ ಮ್ಯಾಥ್ಯೂ ಅಟ್ಟಾರ್ಡ್ ಅವರದು. ಮಾಲ್ಟಾದ ಹಳೆಯ ಪ್ರಾರ್ಥನಾ ಮಂದಿರಗಳ ಕಲ್ಲುಗೋಡೆಗಳ ಮೇಲೆ ಪುಟ್ಟ ಪುಟ್ಟ ಹಡಗುಗಳ ಗೀರುಚಿತ್ರಗಳಿವೆ. ಸಮುದ್ರಕ್ಕೆ ಹೋದವರು ಹರಕೆಯಾಗಿ ಕೆತ್ತಿದವು ಎಂದು ನಂಬಿಕೆ. ಅಟ್ಟಾರ್ಡ್ ಕಣ್ಣಿನ ಚಲನೆಯನ್ನು ಹಿಡಿಯುವ ಉಪಕರಣ ತೊಟ್ಟು ಆ ಗೋಡೆಗಳ ಮುಂದೆ ನಿಂತರು. ದೃಷ್ಟಿ ಹೋದ ದಾರಿಯೇ ಗೆರೆಯಾಗಿ ಆ ಹಡಗುಗಳನ್ನು ಮತ್ತೆ ಬರೆಯಿತು. ಕೈ ಆಡಿಸದೆ ಬರೆದ ಆ ಗೆರೆಗಳನ್ನೇ ಮಾಲ್ಟಾ ಆ ವರ್ಷ ವೆನಿಸ್ಸಿಗೆ ಕಳಿಸಿತು.